ನೋಟಿಸಿಗೆ ಉತ್ತರ ಖಾತೆವಹಿಯಲ್ಲಿದೆ

2025ರ ಜುಲೈನಲ್ಲಿ ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷ ರೂಪಾಯಿ ಜಿಎಸ್‌ಟಿ ಕೇಳಿ ನೋಟಿಸ್ ಬಂದ ಸುದ್ದಿ ಓದಿ ನನಗೆ ಬಹಳ ಸಂಕಟವಾಯಿತು. ನಾಲ್ಕು ವರ್ಷಗಳಲ್ಲಿ ಅವರಿಗೆ ಯುಪಿಐ ಮೂಲಕ ಬಂದ ಹಣ 1.63 ಕೋಟಿ. ಅದಕ್ಕೆ ಶೇ 18 ಹಾಕಿ ನೋಡಿ, ಆ 29 ಲಕ್ಷ ತಾನಾಗಿ ಬರುತ್ತದೆ. ಆದರೆ ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ.

ಇದೇ ಜಿಲ್ಲೆಯ ವ್ಯಾಪಾರಿಗಳ ಲೆಕ್ಕವನ್ನು ವರ್ಷಗಟ್ಟಲೆ ನೋಡಿ ಸರ್ಕಾರಿ ತೆರಿಗೆ ಕೆಲಸದಿಂದ ನಿವೃತ್ತನಾದವನು ನಾನು. ಮಾರಿದವರು ಕೊಟ್ಟ ವಿವರ, ಕೊಂಡವರು ಕೊಟ್ಟ ವಿವರ, ಸರಕಿನ ಜೊತೆ ಬಂದ ಇ-ವೇ ಬಿಲ್ ಮೂರನ್ನೂ ಎದುರುಬದುರು ಇಟ್ಟು, ತಾಳೆಯಾಗದ ಜಾಗ ಹುಡುಕುವುದು ನನ್ನ ಕೆಲಸವಾಗಿತ್ತು. ತಾಳೆಯಾಗದ ಅಂಕಿ ಕಂಡ ಕೂಡಲೇ ಮೋಸ ಎಂದು ಬರೆಯುವುದು ಸುಲಭ. ಅದರ ಹಿಂದೆ ಯಾವ ಸರಕು ಇದೆ ಎಂದು ಕೇಳಿ ತಿಳಿಯುವುದರಲ್ಲೇ ಈ ನೌಕರಿಯ ಗೌರವ ಇದೆ ಎಂದು ನಾನು ಇಂದಿಗೂ ನಂಬಿದ್ದೇನೆ.

ನಮ್ಮ ಕಡೆಯ ಸರಕನ್ನೇ ನೋಡಿ. ಸವಣೂರಿನ ವೀಳ್ಯದೆಲೆಗೆ ತೆರಿಗೆ ಇಲ್ಲ, ಅದರೊಳಗೆ ಇಡುವ ಅಡಿಕೆಗೆ ಶೇ 5. ಹಾನಗಲ್ಲಿನ ಮಾವಿನಹಣ್ಣಿಗೆ ಇಲ್ಲ, ಅದೇ ಹಣ್ಣು ಕಾರ್ಖಾನೆಗೆ ಹೋಗಿ ತಿರುಳಾಗಿ ಬಂದರೆ ಉಂಟು. ಹಸಿಮೆಣಸಿನಕಾಯಿಗೆ ಇಲ್ಲ, ಒಣಗಿದರೆ ಶೇ 5. ಹಿರೇಕೆರೂರಿನ ರೈತ ತನ್ನ ಹೊಲದ ಹತ್ತಿಯನ್ನು ನೋಂದಾಯಿತ ವ್ಯಾಪಾರಿಗೆ ಮಾರಿದರೆ ತೆರಿಗೆ ಕಟ್ಟಬೇಕಾದವನು ಕೊಂಡವನು, ರೈತನಲ್ಲ. ಸವಣೂರಿನ ಖಾರ ನಮ್ಮ ಸೀಮೆಗೆಲ್ಲ ಹೆಸರುವಾಸಿ. ಪೊಟ್ಟಣ ಕಟ್ಟಿ, ಹೆಸರು ಹಚ್ಚಿ ಮಾರುವ ಇಂಥ ಕುರುಕಲು ತಿಂಡಿಗೆ ಶೇ 12 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ ಶೇ 5ಕ್ಕೆ ಇಳಿದಿದೆ. ಯುಪಿಐ ಪಟ್ಟಿಯಲ್ಲಿ ಇದು ಯಾವುದೂ ಕಾಣುವುದಿಲ್ಲ. ಎಲೆಯ ದುಡ್ಡು, ಅಡಿಕೆಯ ದುಡ್ಡು, ಭಾವಮೈದುನ ತೀರಿಸಿದ ಕೈಗಡ ಎಲ್ಲವೂ ಅಲ್ಲಿ ಒಂದೇ ಸಾಲಿನಲ್ಲಿ ನಿಲ್ಲುತ್ತವೆ.

ಸರಕಿಗೆ ತಕ್ಕ ಸುಂಕ ಎಂಬುದು ನಮ್ಮ ನೆಲಕ್ಕೆ ಹೊಸದೇನಲ್ಲ. ಹಾನಗಲ್ಲು ಪಾನುಂಗಲ್ ಐನೂರು ಎಂಬ ನಾಡಿನ ರಾಜಧಾನಿಯಾಗಿದ್ದ ಕಾಲದ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ ಎಂಬ ಸುಂಕಗಳ ಮಾತು ಬರುತ್ತದೆ. ಎಲೆಯ ಹೇರಿಗೆ ಬೇರೆಯೇ ಲೆಕ್ಕ ಇರುತ್ತಿತ್ತು.

ಈಗ ನೋಂದಣಿಯ ಮಾತು. ನನ್ನ ಬಳಿ ಅತಿ ಹೆಚ್ಚು ಜನ ಕೇಳುವುದು ಇದನ್ನೇ. ಸರಕು ಮಾತ್ರ ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ವಹಿವಾಟು ದಾಟಿದರೆ ನೋಂದಣಿ ಆಗಬೇಕು. ಬರೀ ತರಕಾರಿ, ಹಣ್ಣು, ಹೂ ಮಾರುವವರು ಎಷ್ಟೇ ಮಾರಲಿ, ನೋಂದಣಿ ಬೇಕಿಲ್ಲ. ತೊಡಕು ಬರುವುದು ಶಿಗ್ಗಾವಿಯಂಥ ಊರಿನ ಕೂಡು ಅಂಗಡಿಗಳಿಗೆ. 38 ಲಕ್ಷದ ತರಕಾರಿಯ ಜೊತೆ 4 ಲಕ್ಷದ ಸಾಬೂನು, ಬಿಸ್ಕತ್ತು ಮಾರಿದಿರಿ ಎನ್ನಿ. ತೆರಿಗೆ ಇಲ್ಲದ ಸರಕೂ ಒಟ್ಟು ವಹಿವಾಟಿಗೆ ಸೇರುವುದರಿಂದ ನಿಮ್ಮದು 42 ಲಕ್ಷವಾಯಿತು, ನೋಂದಣಿ ಕಡ್ಡಾಯ. ಇಷ್ಟು ಕೇಳಿಯೇ ಎಷ್ಟೋ ಜನ ಗಾಬರಿಯಾಗುತ್ತಾರೆ. ಮುಂದಿನ ಲೆಕ್ಕ ಕೇಳಿ: ರಾಜಿ ತೆರಿಗೆ ಪದ್ಧತಿ ಆರಿಸಿಕೊಂಡರೆ ವ್ಯಾಪಾರಿ ಕಟ್ಟಬೇಕಾದದ್ದು ತೆರಿಗೆಯುಳ್ಳ ಮಾರಾಟದ ಮೇಲೆ ಶೇ 1. ನಾಲ್ಕು ಲಕ್ಷಕ್ಕೆ ವರ್ಷಕ್ಕೆ ನಾಲ್ಕು ಸಾವಿರ ರೂಪಾಯಿ! ಒಂದೂವರೆ ಕೋಟಿ ವಹಿವಾಟಿನವರೆಗೂ ಈ ದಾರಿ ತೆರೆದಿದೆ. ಗಿರಾಕಿಯಿಂದ ತೆರಿಗೆ ವಸೂಲಿ ಮಾಡುವಂತಿಲ್ಲ, ಹೊರರಾಜ್ಯಕ್ಕೆ ಮಾರುವಂತಿಲ್ಲ ಎಂಬ ಕಟ್ಟುಪಾಡುಗಳಿವೆ. ಸಣ್ಣ ಪೇಟೆಯ ಕಿರಾಣಿಗೆ ಅವು ಭಾರವಲ್ಲ.

ಆ ಜುಲೈನಲ್ಲಿ ಇಂಥ ನೋಟಿಸುಗಳನ್ನು ವಿರೋಧಿಸಿ ವ್ಯಾಪಾರಿಗಳು ಬೀದಿಗಿಳಿದ ಮೇಲೆ, ನೋಂದಣಿ ಮಾಡಿಸಿದರೆ ಹಳೆಯ ಬಾಕಿ ಕೇಳುವುದಿಲ್ಲ ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಭರವಸೆ ಕೊಟ್ಟರು. ಅದು ಸರಿಯಾದ ತೀರ್ಮಾನ. ಆದರೆ ಆ ಹೊತ್ತಿಗೆ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಕಿತ್ತು, ರೊಕ್ಕ ಮಾತ್ರ ಎಂಬ ಚೀಟಿ ಅಂಟಿಸಿಯಾಗಿತ್ತು. ಅದು ನಷ್ಟದ ದಾರಿ. ಬ್ಯಾಂಕಿನಲ್ಲಿ ವಹಿವಾಟು ಕಾಣದಿದ್ದರೆ ನಾಳೆ ಸಾಲ ಕೇಳಲು ಹೋದಾಗ ತೋರಿಸುವುದು ಏನನ್ನು? ರೊಕ್ಕದಲ್ಲಿ ಮಾರಿದ್ದೂ ಕಾನೂನಿನ ಪ್ರಕಾರ ವಹಿವಾಟೇ.

ನಾನು ಕಂಡಂತೆ, ಕಚೇರಿಯ ಮೇಜಿನ ಮೇಲೆ ವ್ಯಾಪಾರಿಯನ್ನು ಕಾಪಾಡುವುದು ಖರೀದಿಯ ಚೀಟಿ. ಎಪಿಎಂಸಿಯ ಪಟ್ಟಿ, ಅಡತಿ ಅಂಗಡಿಯ ಬಿಲ್ಲು, ಉದ್ರಿ ಬರೆದ ಖಾತೆವಹಿ ಇದ್ದರೆ ಪರಿಶೀಲಿಸುವವನಿಗೂ ನ್ಯಾಯವಾಗಿ ಬರೆಯಲು ಆಧಾರ ಸಿಗುತ್ತದೆ. ಏನೂ ಇಲ್ಲದಿದ್ದರೆ ಒಳ್ಳೆಯ ಅಧಿಕಾರಿಯ ಕೈಯೂ ಕಟ್ಟಿಹೋಗುತ್ತದೆ. ಕಾರಣ ಕೇಳುವ ನೋಟಿಸ್ ಅಂತಿಮ ಆದೇಶವಲ್ಲ, ಅದಕ್ಕೆ ಉತ್ತರ ಕೊಡುವ ಹಕ್ಕು ನಿಮಗಿದೆ. ಹೆದರಿ ಪೆಟ್ಟಿಗೆಯಲ್ಲಿ ಬಚ್ಚಿಡಬೇಡಿ. ಅದರಲ್ಲಿ ಕೊಟ್ಟ ಗಡುವಿನೊಳಗೆ, ಯಾವ ಸರಕು ಎಷ್ಟು ಎಂದು ಕನ್ನಡದಲ್ಲೇ ಬರೆದು, ಚೀಟಿಗಳ ನಕಲು ಲಗತ್ತಿಸಿ ಉತ್ತರಿಸಿ. ಅದಕ್ಕೂ ಮೊದಲು, ಈ ವಾರವೇ, ಅಂಗಡಿಗೆ ಒಂದು ಬೇರೆ ಬ್ಯಾಂಕ್ ಖಾತೆ ತೆರೆದು ಕ್ಯೂಆರ್ ಕೋಡನ್ನು ಅದಕ್ಕೆ ಜೋಡಿಸಿ. ಮನೆಯ ದುಡ್ಡು ಅದರಲ್ಲಿ ಬೆರೆಯದಿರಲಿ.