ಬ್ಯಾಕಪ್ ಇದೆ, ಮರಳಿ ಬರುತ್ತದೆಯೇ?



ಕನ್ನಡ ವಿಭಾಗದ ಈ ಪುಟದಲ್ಲಿ ಈ ಸಲ ವ್ಯಾಕರಣವಿಲ್ಲ, ಗಾದೆಯ ವಿಸ್ತರಣೆಯೂ ಇಲ್ಲ. ಸರ್ವರ್‌ನಲ್ಲಿರುವ ಮಾಹಿತಿಗೆ ನಕಲು ಇಡುವುದು ಹೇಗೆ, ಮೂಲ ಹಾಳಾದಾಗ ಅದನ್ನು ಮರಳಿ ಪಡೆಯುವುದು ಹೇಗೆ ಎಂಬುದೇ ಪಾಠ. ಭಾಷೆ ಕಲಿಸುವವರಿಗೆ ಈ ಉಸಾಬರಿ ಏಕೆ ಎಂದು ನೀವು ಕೇಳಬಹುದು. ನಮ್ಮಿಂದಲೇ ಒಂದು ತಪ್ಪು ನಡೆದದ್ದರಿಂದ ಬರೆಯುತ್ತಿದ್ದೇವೆ.

ಕೆಲವು ವರ್ಷಗಳ ಹಿಂದೆ ನಾವು ಕಲಿಸುತ್ತಿದ್ದ ಒಂದು ಭಾನುವಾರದ ತರಗತಿಯಲ್ಲಿ ಮಕ್ಕಳಿಗೆ ಒಂದು ಕೆಲಸ ಕೊಟ್ಟಿದ್ದೆವು. ಬೇಸಿಗೆಯಲ್ಲಿ ಊರಿನಿಂದ ಬಂದ ಅಜ್ಜ ಅಜ್ಜಿಯರ ಮಾತನ್ನು ಧ್ವನಿಮುದ್ರಣ ಮಾಡಿ ತರುವುದು. 31 ಮುದ್ರಣಗಳು ಬಂದವು. ಹಾಜರಿ ಪಟ್ಟಿ, ಅಂಕಗಳ ಜೊತೆಗೆ ಅವನ್ನೂ ಕಚೇರಿಯ ಬೀರುವಿನೊಳಗೆ ಸರ್ವರ್ ಆಗಿ ಇಟ್ಟಿದ್ದ ಹಳೆಯ ಕಂಪ್ಯೂಟರಿಗೆ ಹಾಕಿದೆವು. ಪ್ರತಿ ರಾತ್ರಿ ಎರಡು ಗಂಟೆಗೆ ಎಲ್ಲವೂ ತಾನಾಗಿಯೇ ಪಕ್ಕದ ಡಿಸ್ಕಿಗೆ ನಕಲಾಗುವ ಏರ್ಪಾಡಿತ್ತು. ಹಸಿರು ದೀಪ ಮಿನುಗುತ್ತಿತ್ತು. ನಾವು ನಿಶ್ಚಿಂತೆಯಾಗಿದ್ದೆವು.

ಜನವರಿಯಲ್ಲಿ ಸರ್ವರಿನ ಡಿಸ್ಕ್ ಕೆಟ್ಟಿತು. ಪಕ್ಕದ ಡಿಸ್ಕನ್ನು ತೆರೆದು ನೋಡಿದರೆ ಅದರಲ್ಲಿದ್ದ ಕೊನೆಯ ಕಡತ ಹಿಂದಿನ ಏಪ್ರಿಲ್ ತಿಂಗಳದು! ಏಪ್ರಿಲ್‌ನಲ್ಲಿ ನಾವು ಪಾಸ್‌ವರ್ಡ್ ಬದಲಿಸಿದ್ದೆವು. ನಕಲು ಮಾಡುವ ತಂತ್ರಾಂಶಕ್ಕೆ ಹೊಸದನ್ನು ತಿಳಿಸಿರಲಿಲ್ಲ. ಒಂಬತ್ತು ತಿಂಗಳು ಅದು ದಿನವೂ ಬಾಗಿಲು ತಟ್ಟಿ, ಒಳಗೆ ಹೋಗಲಾಗದೆ, 'ಆಗಲಿಲ್ಲ' ಎಂದು ಒಂದು ಸಾಲು ಬರೆದಿಟ್ಟು ಸುಮ್ಮನಾಗುತ್ತಿತ್ತು. ಆ ಸಾಲನ್ನು ನಮ್ಮಲ್ಲಿ ಯಾರೂ ಓದಿರಲಿಲ್ಲ.

ಪೋಷಕರ ಫೋನುಗಳಲ್ಲಿ, ಇ-ಮೇಲ್‌ಗಳಲ್ಲಿ ಹುಡುಕಿ 19 ಮುದ್ರಣಗಳನ್ನು ಮರಳಿ ಪಡೆದೆವು. ಕೆಲವು ಅಜ್ಜಿಯರು ಊರಿನಿಂದಲೇ ಫೋನಿನಲ್ಲಿ ಮತ್ತೆ ಹೇಳಿದರು. ತಾವು ಶಾಲೆಗೆ ಹೊಳೆ ದಾಟಿ ಹೋಗುತ್ತಿದ್ದುದನ್ನು ಹೇಳಿದ್ದ ಒಬ್ಬ ಅಜ್ಜ ಅಷ್ಟರಲ್ಲಿ, ದೀಪಾವಳಿಯ ಸಮಯದಲ್ಲಿ, ತೀರಿಕೊಂಡಿದ್ದರು. ಮಗುವಿನ ತಾಯಿಗೆ ವಿಷಯವನ್ನು ನಾವೇ ಹೋಗಿ ತಿಳಿಸಿದೆವು. "ಪರವಾಗಿಲ್ಲ ಬಿಡಿ" ಎಂದರು. ನಮಗೆ ಮುಂದೆ ಮಾತು ಹೊರಡಲಿಲ್ಲ.

ಈಗ ಪಾಠಕ್ಕೆ ಬರೋಣ. ನಕಲಿನಲ್ಲಿ ಮುಖ್ಯವಾಗಿ ಎರಡು ಬಗೆ. ಇದ್ದದ್ದೆಲ್ಲವನ್ನೂ ತೆಗೆದಿಡುವುದು ಪೂರ್ಣ ನಕಲು. ಹಿಂದಿನ ಸಲದ ನಂತರ ಬದಲಾದದ್ದನ್ನು ಮಾತ್ರ ತೆಗೆದಿಡುವುದು ಏರಿಕೆ ನಕಲು; ಇದಕ್ಕೆ ಸಮಯವೂ ಜಾಗವೂ ಕಡಿಮೆ ಸಾಕು. ಭಾನುವಾರ ಪೂರ್ಣ ನಕಲು, ಉಳಿದ ದಿನ ಏರಿಕೆ ನಕಲು ಎಂದಿಟ್ಟುಕೊಳ್ಳಿ. ಶನಿವಾರ ಸರ್ವರ್ ಕೆಟ್ಟರೆ ಮೊದಲು ಭಾನುವಾರದ್ದನ್ನು ಹಾಕಿ, ಅದರ ಮೇಲೆ ಸೋಮ, ಮಂಗಳ, ಬುಧ ಎಂದು ಕ್ರಮವಾಗಿ ಶುಕ್ರವಾರದವರೆಗೆ ಸೇರಿಸುತ್ತ ಬರಬೇಕು. ನಡುವೆ ಬುಧವಾರದ್ದು ಹಾಳಾಗಿದ್ದರೆ? ನೀವು ನೆಚ್ಚಬಹುದಾದದ್ದು ಮಂಗಳವಾರದವರೆಗೆ ಮಾತ್ರ. ಹಾಜರಿ ಪಟ್ಟಿಯಂತಹ ಡೇಟಾಬೇಸ್ ಆದರೆ ಇನ್ನೂ ಒಂದು ಎಚ್ಚರ ಬೇಕು. ಅದು ಕೆಲಸ ಮಾಡುತ್ತಿರುವಾಗಲೇ ಕಡತವನ್ನು ಹಾಗೆಯೇ ನಕಲಿಸಿದರೆ, ಓಡಾಡುತ್ತಿರುವ ಮಕ್ಕಳ ಗುಂಪಿನ ಫೋಟೋ ತೆಗೆದಂತೆ ಕೆಲವರ ಮುಖ ಕಲಸಿಹೋಗುತ್ತದೆ. ಆದ್ದರಿಂದ ಅದಕ್ಕೆಂದೇ ಇರುವ ಆದೇಶದಿಂದ ನಕಲು ತೆಗೆಯಬೇಕು.

"ಟೀಚರ್, ನಮ್ಮದೆಲ್ಲ ಗೂಗಲ್ ಡ್ರೈವ್‌ನಲ್ಲಿದೆಯಲ್ಲ!" ಎಂದು ಮಕ್ಕಳು ಹೇಳುತ್ತಾರೆ. ಮನೆಯ ಕಂಪ್ಯೂಟರಿನೊಂದಿಗೆ ಅದನ್ನು ಜೋಡಿಸಿದ್ದರೆ ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ. ಅಲ್ಲಿನ ಕಸದ ಬುಟ್ಟಿಯಲ್ಲಿ 30 ದಿನ ಉಳಿಯುತ್ತದೆ, ಆಮೇಲೆ ಇಲ್ಲ. ಒಂದೇ ಸರ್ವರಿನಲ್ಲಿ ಎರಡು ಡಿಸ್ಕುಗಳನ್ನು ಜೋಡಿಯಾಗಿ ನಡೆಸುವುದೂ ಹಾಗೆಯೇ. ಒಂದು ಡಿಸ್ಕ್ ಕೆಟ್ಟರೆ ಕೆಲಸ ನಿಲ್ಲುವುದಿಲ್ಲ, ನಿಜ. ಆದರೆ ನಮ್ಮ ಕೈತಪ್ಪು ಎರಡರಲ್ಲೂ ಒಂದೇ ಕ್ಷಣದಲ್ಲಿ ಆಗುತ್ತದೆ.

ನಮ್ಮ ಶಿಕಾಗೋ ನಗರವೇ ಈ ಪಾಠವನ್ನು ಕಂಪ್ಯೂಟರುಗಳಿಗಿಂತ ಬಹಳ ಮೊದಲು ಕಲಿತಿತ್ತು. 1871ರ ಅಕ್ಟೋಬರ್ 8ರ ಭಾನುವಾರ ರಾತ್ರಿ ಹೊತ್ತಿದ ಬೆಂಕಿ ಊರಿನ ನಡುಭಾಗವನ್ನೆಲ್ಲ ಸುಟ್ಟಿತು. ಸುಮಾರು 300 ಜನ ಸತ್ತರು, ಒಂದು ಲಕ್ಷದಷ್ಟು ಜನ ಮನೆ ಕಳೆದುಕೊಂಡರು. ನ್ಯಾಯಾಲಯದ ಕಟ್ಟಡವೂ ಉರಿದು, ಅದರೊಳಗಿದ್ದ ಕುಕ್ ಕೌಂಟಿಯ ಜಮೀನಿನ ದಾಖಲೆಗಳು ಬೂದಿಯಾದವು. ಊರಿನಲ್ಲಿ ಪಹಣಿಗಾಗಿ ತಾಲ್ಲೂಕು ಕಚೇರಿಗೆ ಅಲೆದಿರುವ ಪೋಷಕರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಾವ ನಿವೇಶನ ಯಾರದು ಎಂದು ತೋರಿಸುವ ಸರ್ಕಾರಿ ಕಾಗದವೇ ಉಳಿಯಲಿಲ್ಲ!

ಊರನ್ನು ಉಳಿಸಿದ್ದು ಖಾಸಗಿ ನಕಲುಗಳು. ಜಮೀನು ಕೊಳ್ಳುವವರಿಗಾಗಿ ದಾಖಲೆಗಳ ಸಾರಾಂಶ ಬರೆದುಕೊಡುವ ಮೂರು ಸಂಸ್ಥೆಗಳಿದ್ದವು: ಚೇಸ್ ಬ್ರದರ್ಸ್, ಶಾರ್ಟಾಲ್ ಅಂಡ್ ಹೋರ್ಡ್, ಜೋನ್ಸ್ ಅಂಡ್ ಸೆಲ್ಲರ್ಸ್. ಅವರು ತಮ್ಮ ವ್ಯಾಪಾರಕ್ಕೆಂದು ಕಚೇರಿಯ ದಾಖಲೆಗಳನ್ನು ತಮ್ಮ ಪುಸ್ತಕಗಳಲ್ಲಿ ಬರೆದಿಟ್ಟುಕೊಳ್ಳುತ್ತಿದ್ದರು. ಬೆಂಕಿ ಹತ್ತಿರ ಬಂದಾಗ ಜಾನ್ ಶಾರ್ಟಾಲ್ ಒಂದು ಗಾಡಿಯನ್ನು ತಡೆದು ನಿಲ್ಲಿಸಿ ಪುಸ್ತಕಗಳನ್ನು ಹೇರಿಸಿಕೊಂಡು ಪಾರಾದರು. ಮೂವರಲ್ಲಿ ಯಾರ ಬಳಿಯೂ ಎಲ್ಲವೂ ಉಳಿದಿರಲಿಲ್ಲ. ಮೂವರದನ್ನೂ ಸೇರಿಸಿದಾಗ ಜಮೀನಿನ ಹಕ್ಕನ್ನು ಮತ್ತೆ ಗುರುತಿಸುವಷ್ಟು ಸಿಕ್ಕಿತು. 1872ರಲ್ಲಿ ಇಲಿನಾಯ್ ಶಾಸನಸಭೆ 'ಸುಟ್ಟ ದಾಖಲೆಗಳ ಕಾಯಿದೆ' ತಂದು, ಆ ಪುಸ್ತಕಗಳನ್ನು ನ್ಯಾಯಾಲಯಗಳು ಸಾಕ್ಷ್ಯವಾಗಿ ಒಪ್ಪಲು ದಾರಿ ಮಾಡಿತು. ನಕಲು ಇದ್ದರಷ್ಟೇ ಸಾಲದು, ಅದನ್ನು ನಂಬಲು ಒಪ್ಪಿಗೆಯೂ ಬೇಕಾಯಿತು ನೋಡಿ. ಅದೇ ಬೆಂಕಿಯಲ್ಲಿ ಶಿಕಾಗೋ ಹಿಸ್ಟಾರಿಕಲ್ ಸೊಸೈಟಿಯಲ್ಲಿದ್ದ, ಗುಲಾಮಗಿರಿಯ ಬಿಡುಗಡೆ ಘೋಷಣೆಯ ಲಿಂಕನ್ ಅವರ ಕೈಬರಹದ ಕರಡೂ ಸುಟ್ಟಿತು. ಅದರ ಛಾಯಾಪ್ರತಿಗಳು ಮೊದಲೇ ಆಗಿದ್ದವು.

ಈಚಿನ ಉದಾಹರಣೆ ಗಿಟ್‌ಲ್ಯಾಬ್ ಎಂಬ ಕಂಪನಿಯದು. 2017ರ ಜನವರಿ 31ರಂದು ಅಲ್ಲಿನ ಎಂಜಿನಿಯರ್ ಒಬ್ಬರು ಕಣ್ತಪ್ಪಿನಿಂದ ಬೇರೆ ಸರ್ವರಿನಲ್ಲಿ ಅಳಿಸುವ ಆದೇಶ ಕೊಟ್ಟುಬಿಟ್ಟರು. ಐದು ಬಗೆಯ ಏರ್ಪಾಡುಗಳಿದ್ದರೂ ಒಂದೂ ಸರಿಯಾಗಿ ನಡೆಯುತ್ತಿರಲಿಲ್ಲ. ಸುಮಾರು ಆರು ಗಂಟೆ ಮೊದಲು ಒಬ್ಬರು ಬೇರೆ ಕೆಲಸಕ್ಕೆಂದು ತೆಗೆದಿದ್ದ ನಕಲೇ ಕೊನೆಗೆ ಕೈಹಿಡಿಯಿತು. ಕಂಪನಿ ಇದನ್ನೆಲ್ಲ ಮುಚ್ಚಿಡದೆ ಜನರಿಗೆ ತಿಳಿಸಿತು. ಅದು ನಮಗೆ ಮೆಚ್ಚುಗೆಯಾಯಿತು.

3-2-1 ಎಂಬ ನಿಯಮ ಈಗ ಎಲ್ಲೆಡೆ ಬಳಕೆಯಲ್ಲಿದೆ. ಛಾಯಾಗ್ರಾಹಕ ಪೀಟರ್ ಕ್ರೋಗ್ ಅದನ್ನು ಜನಪ್ರಿಯಗೊಳಿಸಿದರು. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ. ಕನ್ನಡಿಗರಿಗೆ ಇದು ತೀರಾ ಹೊಸದಲ್ಲ. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ, ಪೊನ್ನ ಕವಿಯ ಶಾಂತಿಪುರಾಣಕ್ಕೆ ಸಾವಿರ ಓಲೆಗರಿಯ ಪ್ರತಿಗಳನ್ನು ಮಾಡಿಸಿ ಹಂಚಿದಳೆಂದು ಪ್ರಸಿದ್ಧಿ. ಗೆದ್ದಲು, ಬೆಂಕಿ, ಮಳೆ ಒಂದು ಊರಿನ ಪ್ರತಿಯನ್ನು ತಿಂದರೆ ಇನ್ನೊಂದು ಊರಿನದು ಉಳಿಯುತ್ತದೆ. ಅವಳು ಮಾಡಿದ್ದು ದಾನಕ್ಕಾಗಿ, ಆದರೆ ಲೆಕ್ಕ ಒಂದೇ.

ಇನ್ನು ಮರಳಿ ಪಡೆಯುವ ಮಾತು. ತಿಂಗಳಿಗೊಮ್ಮೆಯಾದರೂ ಒಂದು ಕಡತವನ್ನು ನಕಲಿನಿಂದ ತಂದು, ಬೇರೆ ಫೋಲ್ಡರಿನಲ್ಲಿಟ್ಟು, ತೆರೆದು, ಓದಿ ಅಥವಾ ಕೇಳಿ ನೋಡಬೇಕು. ಮೂಲದ ಮೇಲೆಯೇ ತಂದು ಹಾಕಬೇಡಿ, ಇದ್ದದ್ದೂ ಹೋದೀತು! ಕನ್ನಡದವರಿಗೆ ಇಲ್ಲಿ ಇನ್ನೊಂದು ತೊಡಕಿದೆ. 2000ರ ದಶಕದಲ್ಲಿ ಬರಹ, ನುಡಿ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ ಎಷ್ಟೋ ಪಾಠಗಳು ಕಡತವಾಗಿ ಕ್ಷೇಮವಾಗಿವೆ. ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಗುರುತುಗಳು ಕಾಣುತ್ತವೆ. ಅಂಥವನ್ನು ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರಗಳನ್ನು ಒಮ್ಮೆ ಕಣ್ಣಾರೆ ನೋಡಿ, ಹಳೆಯ ಕಡತವನ್ನೂ ಜೊತೆಗೇ ಇಟ್ಟುಕೊಳ್ಳಿ.

ಮಕ್ಕಳೇ, ನಿಮಗೆ ಮನೆಗೆಲಸ. ನಿಮ್ಮ ಮನೆಯಲ್ಲಿ ಅಜ್ಜ ಅಥವಾ ಅಜ್ಜಿಯ ಧ್ವನಿ ಎಲ್ಲೆಲ್ಲಿದೆ ಎಂದು ಅಪ್ಪ ಅಮ್ಮನನ್ನು ಕೇಳಿ ಪಟ್ಟಿ ಮಾಡಿ. ಒಂದನ್ನು ನಕಲು ಮಾಡಿ ಬೇರೆ ಊರಿನಲ್ಲಿರುವ ಚಿಕ್ಕಮ್ಮನಿಗೋ ಮಾವನಿಗೋ ಕಳುಹಿಸಿ. ಎರಡು ವಾರ ಬಿಟ್ಟು ಅದನ್ನು ಅವರಿಂದ ಮರಳಿ ತರಿಸಿ, ಮೊದಲಿನಿಂದ ಕೊನೆಯವರೆಗೆ ಕೇಳಿ, ಅದರಲ್ಲಿ ನಿಮಗೆ ಹೊಸದಾದ ಐದು ಕನ್ನಡ ಪದಗಳನ್ನು ಬರೆದುಕೊಂಡು ತರಗತಿಗೆ ಬನ್ನಿ.