ನೂರಾರು ಮೀನು, ಒಂದೇ ತೊಟ್ಟಿ: ಸಿಕ್ಲಿಡ್ ಪ್ರದರ್ಶನದ ಹಿಂದಿನ ಲೆಕ್ಕ

ಬಣ್ಣಬಣ್ಣದ ಮೀನು ಅಂದರೆ ಸಮುದ್ರದ್ದೇ ಇರಬೇಕು ಅಂತ ನಾವು ಅಂದುಕೊಂಡುಬಿಡುತ್ತೇವೆ. ಆಫ್ರಿಕಾದ ಸಿಕ್ಲಿಡ್‌ಗಳು ಹಾಗಲ್ಲ. ಹಳದಿ, ಕಡುನೀಲಿ, ಕಿತ್ತಳೆ ಬಣ್ಣದ ಈ ಮೀನುಗಳು ಮಲಾವಿ, ಟಾಂಗನೀಕಾ, ವಿಕ್ಟೋರಿಯಾ ಎಂಬ ಸಿಹಿನೀರಿನ ಸರೋವರಗಳವು. ಮಲಾವಿ ಒಂದರಲ್ಲೇ ನೂರಾರು ಜಾತಿಗಳಿವೆ. ನಮ್ಮ ಕೆರೆಗಳಲ್ಲಿ ಸಿಗುವ ಜಿಲೇಬಿ ಮೀನು, ಅಂದರೆ ತಿಲಾಪಿಯಾ ಕೂಡ ಆಫ್ರಿಕಾದಿಂದ ಬಂದ ಇದೇ ಕುಟುಂಬದ ಮೀನು.

ಅಮೆರಿಕ, ಯುರೋಪಿನ ಹಲವು ಮೃಗಾಲಯಗಳು ಇವುಗಳಿಗಾಗಿ ದೊಡ್ಡ ತೊಟ್ಟಿಗಳನ್ನು ಕಟ್ಟಿವೆ. ಅಂಥದ್ದೊಂದು ತೊಟ್ಟಿಯನ್ನು ಈ ಸಲ ಡಿಸೈನ್ ಪ್ರಾಬ್ಲಂ ತರಹ ಬಿಡಿಸಿ ನೋಡೋಣ.

1. ಮುಂದಿನ ಗಾಜು

ನೋಡುವ ಕಿಟಕಿ 5 ಮೀಟರ್ ಅಗಲ, ನೀರು 3 ಮೀಟರ್ ಆಳ ಅಂತ ಇಟ್ಟುಕೊಳ್ಳಿ. ತಳದಲ್ಲಿ ನೀರಿನ ಒತ್ತಡ ಸುಮಾರು 29.4 ಕಿಲೋಪಾಸ್ಕಲ್, ಮೇಲೆ ಸೊನ್ನೆ. ಸರಾಸರಿ 14.7. ಇದನ್ನು 15 ಚದರ ಮೀಟರಿಗೆ ಗುಣಿಸಿದರೆ ಸುಮಾರು 220 ಕಿಲೋನ್ಯೂಟನ್. ಅಂದರೆ 22 ಟನ್‌ಗೂ ಹೆಚ್ಚು ತೂಕ ಆ ಕಿಟಕಿಗೆ ಒರಗಿಕೊಂಡ ಹಾಗೆ. ತೊಟ್ಟಿ ಹಿಂದಕ್ಕೆ 2 ಮೀಟರ್ ಇದ್ದರೂ 20 ಮೀಟರ್ ಇದ್ದರೂ ಲೆಕ್ಕ ಇಷ್ಟೇ. ಇಲ್ಲಿ ಆಳದ್ದೇ ಆಟ. ಹಾಗಾಗಿ ದೊಡ್ಡ ತೊಟ್ಟಿಗಳಿಗೆ ದಪ್ಪನೆಯ ಅಕ್ರಿಲಿಕ್ ಹಲಗೆ ಬೇಕು.

ಒಳಗಿನ ಬಂಡೆಗಳದ್ದು ಬೇರೆ ತಕರಾರು. ಸಿಕ್ಲಿಡ್‌ಗಳು ಬಾಯಿಂದ ಮರಳು ಅಗೆಯುತ್ತವೆ. ಮರಳಿನ ಮೇಲೆ ಕಲ್ಲು ಪೇರಿಸಿದರೆ ಅಡಿಪಾಯ ದಿನದಿನಕ್ಕೆ ಸಡಿಲ ಆಗುತ್ತೆ. ಅದಕ್ಕೇ ಮೊದಲು ತಳದ ಮೇಲೆ ಕಲ್ಲು ಕೂರಿಸಬೇಕು, ಮರಳು ಆಮೇಲೆ.

2. ನೀರು

ಮಲಾವಿಯ ನೀರಿನ ಪಿಎಚ್ ಸುಮಾರು 7.7ರಿಂದ 8.6, ಟಾಂಗನೀಕಾದ್ದು ಇನ್ನೂ ಹೆಚ್ಚು. ಮೀನಿಗೆ ಇದು ಹಿತ, ಫಿಲ್ಟರ್ ಕೂರಿಸುವವರಿಗೆ ತಲೆನೋವು. ಮೀನು ಹೊರಹಾಕುವ ಅಮೋನಿಯಾ ನೀರಿನಲ್ಲಿ ಎರಡು ರೂಪದಲ್ಲಿರುತ್ತೆ: ಅಷ್ಟೇನೂ ಅಪಾಯವಿಲ್ಲದ ಅಮೋನಿಯಂ ಅಯಾನು ಒಂದು, ವಿಷವಾದ ಅಮೋನಿಯಾ ಇನ್ನೊಂದು. 25 ಡಿಗ್ರಿಯಲ್ಲಿ ಇವುಗಳ ಪಿಕೆಎ ಸುಮಾರು 9.25. ಲೆಕ್ಕ ಹಾಕಿದರೆ ಪಿಎಚ್ 7ರಲ್ಲಿ ವಿಷರೂಪದ ಪಾಲು ಶೇ. 0.6ರಷ್ಟು, 8.5ರಲ್ಲಿ ಶೇ. 15ರಷ್ಟು! ಮೀನು ಅಷ್ಟೇ, ಗಲೀಜೂ ಅಷ್ಟೇ, ವಿಷ ಮಾತ್ರ 27 ಪಟ್ಟು. ಪಿಎಚ್ 8ಕ್ಕೆ ಎಷ್ಟಾಗುತ್ತೆ ಅಂತ ನೀವೇ ಹಾಕಿ ನೋಡಿ.

ಈ ಅಮೋನಿಯಾವನ್ನು ಬ್ಯಾಕ್ಟೀರಿಯಾಗಳು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಆದರೆ ಆ ಕೆಲಸದಲ್ಲಿ ಪ್ರತಿ 1 ಗ್ರಾಂ ಅಮೋನಿಯಾ ನೈಟ್ರೋಜನ್‌ಗೆ ಸುಮಾರು 7 ಗ್ರಾಂ ಕ್ಷಾರೀಯತೆ ಖರ್ಚಾಗುತ್ತೆ. ಸುಮ್ಮನೆ ಬಿಟ್ಟರೆ ಪಿಎಚ್ ಇಳಿಯುತ್ತಾ ಹೋಗುತ್ತೆ. ಸುಣ್ಣಕಲ್ಲು, ಬಫರ್ ಉಪ್ಪು, ನೀರು ಬದಲಾಯಿಸುವುದು ಎಲ್ಲ ಬೇಕಾಗುವುದು ಇದಕ್ಕೇ. ಫಸ್ಟ್ ಇಯರ್ ಲ್ಯಾಬಿನಲ್ಲಿ ಟೈಟ್ರೇಶನ್ ಮಾಡುವಾಗ "ಇದೆಲ್ಲ ಯಾಕಪ್ಪಾ" ಅಂದಿದ್ದವರಿಗೆ ಉತ್ತರ ಇಲ್ಲಿದೆ.

3. ಜಗಳ

ಮಲಾವಿಯ ಬಂಡೆಗಳ ನಡುವೆ ಬದುಕುವ ಮ್ಬೂನಾ ಗುಂಪಿನ ಗಂಡುಮೀನುಗಳು ಮಹಾ ಜಗಳಗಂಟರು. ತೊಟ್ಟಿಯಲ್ಲಿ ಕೆಲವೇ ಮೀನುಗಳಿದ್ದರೆ ಬಲಿಷ್ಠ ಗಂಡು ಬಡಪಾಯಿಯೊಂದನ್ನು ಅಟ್ಟಾಡಿಸಿ ಕೊಂದೇಬಿಡಬಹುದು. ಇದಕ್ಕೆ ಪರಿಹಾರ ಕೇಳಿದರೆ ಉಲ್ಟಾ ಅನ್ನಿಸುತ್ತೆ: ಮೀನುಗಳನ್ನು ಇನ್ನಷ್ಟು ತುಂಬುವುದು. ಗುಂಪು ದೊಡ್ಡದಾದಾಗ ಯಾವ ಗಂಡಿಗೂ ಜಾಗ ಹಿಡಿದು ಕಾಯಲು ಆಗಲ್ಲ, ಏಟು ಎಲ್ಲರಿಗೂ ಹಂಚಿಹೋಗುತ್ತೆ. ಲೋಡ್ ಡಿಸ್ಟ್ರಿಬ್ಯೂಷನ್ ಅಂದರೆ ಇದೇ. ಬೆಲೆಯೂ ಇದೆ: ಮೀನು ಹೆಚ್ಚಿದಷ್ಟೂ ಅಮೋನಿಯಾ ಹೆಚ್ಚು. ಫಿಲ್ಟರ್ ಒಂದು ದಿನ ನಿಂತರೆ ಇಡೀ ತೊಟ್ಟಿಗೇ ಅಪಾಯ.

4. ತೊಟ್ಟಿ ಯಾರಿಗಾಗಿ?

ಇಲ್ಲಿಯವರೆಗಿನದೆಲ್ಲ ಲೆಕ್ಕಕ್ಕೆ ಸಿಕ್ಕಿತು. ನಿಜವಾದ ಕಷ್ಟ ಇನ್ನು ಮುಂದಿದೆ. ಹತ್ತಿರದ ಸಂಬಂಧದ ಸಿಕ್ಲಿಡ್ ಜಾತಿಗಳನ್ನು ಒಟ್ಟಿಗೆ ಬಿಟ್ಟರೆ ಬೆರಕೆ ಮರಿಗಳು ಹುಟ್ಟುತ್ತವೆ, ಅವು ಮುಂದೆ ಸಂತಾನವನ್ನೂ ಪಡೆಯುತ್ತವೆ. ಕಣ್ಣಿಗೆ ಚೆಂದ, ಆದರೆ ಅವು ಯಾವ ಜಾತಿಗೂ ಸೇರಿದವಲ್ಲ.

ಇದು ಯಾಕೆ ದೊಡ್ಡ ಮಾತು ಅಂದರೆ, ವಿಕ್ಟೋರಿಯಾದ ಕಥೆ ಹಾಗಿದೆ. 1950ರ ದಶಕದಲ್ಲಿ ಅಲ್ಲಿಗೆ ನೈಲ್ ಪರ್ಚ್ ಎಂಬ ದೈತ್ಯ ಮೀನನ್ನು ಬಿಟ್ಟರು. 1980ರ ದಶಕದಲ್ಲಿ ಅದರ ಸಂಖ್ಯೆ ಮಿತಿಮೀರಿತು. ಸುಮಾರು 500 ಸಿಕ್ಲಿಡ್ ಜಾತಿಗಳಲ್ಲಿ 200ರಷ್ಟು ಕಣ್ಮರೆಯಾದವು ಅಂತ ಅಂದಾಜು. ಜೊತೆಗೆ ಕೊಳಕು ಸೇರಿ ನೀರು ಕದಡಿತು. ಓಲೆ ಜೇಹೌಸೆನ್ ಮತ್ತು ಸಂಗಡಿಗರು 1997ರಲ್ಲಿ ತೋರಿಸಿದ್ದು ಇದನ್ನೇ: ಹೆಣ್ಣುಮೀನು ತನ್ನ ಜಾತಿಯ ಗಂಡನ್ನು ಗುರುತಿಸುವುದು ಬಣ್ಣದಿಂದ, ನೀರು ಕದಡಿ ಬಣ್ಣ ಕಾಣದೇ ಹೋದರೆ ಜಾತಿಗಳ ನಡುವಿನ ಗಡಿಯೇ ಅಳಿಸಿಹೋಗುತ್ತೆ. ಅಂದರೆ ತೊಟ್ಟಿಯ ದೀಪದ ಬಣ್ಣವನ್ನೂ ಅಲಂಕಾರ ಅಂತ ತಳ್ಳಿಹಾಕುವ ಹಾಗಿಲ್ಲ.

1990ರ ದಶಕದಲ್ಲಿ ಅಮೆರಿಕದ ಮೃಗಾಲಯ ಮತ್ತು ಅಕ್ವೇರಿಯಂಗಳು ಸೇರಿ ವಿಕ್ಟೋರಿಯಾದ ಸಿಕ್ಲಿಡ್‌ಗಳನ್ನು ಉಳಿಸುವ ಕಾರ್ಯಕ್ರಮ ನಡೆಸಿದವು. ಆ ಕೆಲಸಕ್ಕೆ ಬೇಕಾದ ತೊಟ್ಟಿಗಳು ಬೇರೆಯೇ ಥರ: ಒಂದೊಂದು ಜಾತಿಗೆ ಪ್ರತ್ಯೇಕ ಜಾಗ, ಯಾವ ಮರಿ ಯಾರದ್ದು ಎಂಬ ದಾಖಲೆ. ಅಲ್ಲಿನ ಮೀನುಗಳಲ್ಲಿ ಕೆಲವು ನೋಡೋಕೆ ಮಂಕು. ಜನ ನಿಂತು ಫೋಟೊ ತೆಗೆಯಲ್ಲ.

ಅಂದರೆ ಪ್ರದರ್ಶನದ ತೊಟ್ಟಿಯನ್ನು ಚೆನ್ನಾಗಿ ನಡೆಸುವ ಉಪಾಯವೇ ಜಾತಿಯನ್ನು ಉಳಿಸುವ ಕೆಲಸಕ್ಕೆ ಅಡ್ಡ ಬರುತ್ತೆ. ಹಾಗಂತ ಬಣ್ಣದ ತೊಟ್ಟಿ ಬೇಡ ಅಂತ ನಾವು ಹೇಳುತ್ತಿಲ್ಲ. ಮಲಾವಿ ಎಂಬ ಸರೋವರ ಇದೆ ಅಂತ ಎಷ್ಟೋ ಮಕ್ಕಳಿಗೆ ಮೊದಲು ಗೊತ್ತಾಗುವುದು ಅದರ ಮುಂದೆಯೇ ಇರಬಹುದು. ಆದರೆ ಅದರ ಹಿಂದಿನ ಕೋಣೆಯಲ್ಲಿ ಮಂಕು ಮೀನಿನ ಸಣ್ಣ ತೊಟ್ಟಿಗಳಿಗೂ ಜಾಗ, ದುಡ್ಡು, ಒಬ್ಬ ಮನುಷ್ಯ ಇರಬೇಕು. ಗಾಜಿನ ದಪ್ಪ ಸೂತ್ರದಿಂದ ಸಿಗುತ್ತೆ. ಈ ಪಾಲು ಎಷ್ಟಿರಬೇಕು ಅನ್ನೋದನ್ನು ಕಟ್ಟುವ ಮೊದಲೇ ಯಾರಾದರೂ ಕೂತು ತೀರ್ಮಾನಿಸಬೇಕು.