ಸೋಯಾ ವಡಿಯ ಒಣಪಲ್ಯ

ಚಿಕ್ಕೋಡಿ, ನಿಪ್ಪಾಣಿ ಭಾಗದಲ್ಲಿ ಮುಂಗಾರು ಹದವಾಗಿ ಬಿದ್ದಿತೆಂದರೆ ಕಬ್ಬು, ತಂಬಾಕಿನ ಹೊಲಗಳ ಮಗ್ಗುಲಲ್ಲಿ ಸೋಯಾ ಅವರೆ ತಲೆಯೆತ್ತುತ್ತದೆ. ಬಿತ್ತಿದ ಸುಮಾರು 100 ದಿನಗಳಲ್ಲಿ ಕಟಾವಿಗೆ ಬರುವ ಈ ಬೆಳೆ ರಾಯಬಾಗ, ಅಥಣಿ, ಕಾಗವಾಡಗಳ ರೈತರಿಗೂ ಅಪರಿಚಿತವಲ್ಲ. ತುಕ್ಕುರೋಗವನ್ನು ತಾಳಬಲ್ಲ ತಳಿಗಳನ್ನು ಧಾರವಾಡ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಪರೀಕ್ಷಿಸಿದ ಸ್ಥಳಗಳಲ್ಲಿ ಕಾಗವಾಡ ತಾಲೂಕಿನ ಉಗಾರ ಖುರ್ದವೂ ಒಂದು. ಇಷ್ಟಾದರೂ ಬೆಳೆದವರ ಮನೆಯ ಒಲೆಯ ಮೇಲೆ ಈ ಕಾಳು ಏರುವುದು ವಿರಳ.

ಇದಕ್ಕೆ ಕಾರಣವುಂಟು. ಸೋಯಾ ಕಾಳು ತೊಗರಿ, ಹೆಸರುಗಳಂತೆ ಬೇಗ ಬೇಯುವುದಿಲ್ಲ, ಅದಕ್ಕೊಂದು ಹಸಿವಾಸನೆಯಿದೆ. ಸಸಾರಜನಕವು ಜೀರ್ಣವಾಗುವುದಕ್ಕೆ ಅಡ್ಡಿಮಾಡುವ ಒಂದು ಅಂಶವೂ ಹಸಿಕಾಳಿನಲ್ಲಿದ್ದು, ಚೆನ್ನಾಗಿ ಬೇಯಿಸಿದರೆ ಮಾತ್ರ ಅದರ ಬಲ ಕುಂದುತ್ತದೆ. ಆದ್ದರಿಂದ ಕಾಳು ಪೇಟೆಯ ಮಾರ್ಗವಾಗಿ ಎಣ್ಣೆಯ ಕಾರ್ಖಾನೆಯನ್ನು ಸೇರುತ್ತದೆ. ಎಣ್ಣೆ ತೆಗೆದು ಉಳಿದ ಹಿಟ್ಟನ್ನು ತೇವಗೊಳಿಸಿ, ಕಾಯಿಸಿ, ಭಾರೀ ಒತ್ತಡದಲ್ಲಿ ಕಿರಿದಾದ ರಂಧ್ರದ ಮೂಲಕ ಹೊರದೂಡುತ್ತಾರೆ. ಹೊರಬಂದೊಡನೆ ಒಳಗಿನ ನೀರು ಆವಿಯಾಗಿ ಸಿಡಿದು ಹಿಟ್ಟು ಉಬ್ಬುತ್ತದೆ. ಹೀಗೆ ಮೈತುಂಬ ತೂತುಗಳುಳ್ಳ ವಡಿಯಾಗಿ ಕಾಳು ನಮ್ಮೂರಿನ ಕಿರಾಣಿ ಅಂಗಡಿಗೆ ಮರಳುತ್ತದೆ. ಸೋಯಾ ಚಂಕ್ಸ್ ಎನ್ನಿ, ಮೀಲ್ ಮೇಕರ್ ಎನ್ನಿ, ವಸ್ತು ಒಂದೇ.

100 ಗ್ರಾಂ ಒಣವಡಿಯಲ್ಲಿ ಸುಮಾರು 50 ಗ್ರಾಂ ಸಸಾರಜನಕ, ಅಂದರೆ ಪ್ರೋಟೀನು, ಇರುತ್ತದೆ. ಬೆಳೆಯುವ ವಯಸ್ಸಿನ, 13ರಿಂದ 15 ವರ್ಷದ ಬಾಲಕನಿಗೆ ದಿನಕ್ಕೆ ಬೇಕಾದುದು ಸುಮಾರು 45 ಗ್ರಾಂ. ನಮ್ಮ ಜೋಳದ ರೊಟ್ಟಿಯಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಸೋಯಾದಲ್ಲಿ ಅದು ಧಾರಾಳ. ಆದುದರಿಂದ ಸಸ್ಯಾಹಾರಿ ಪಂಕ್ತಿಯಲ್ಲಿ ಇವೆರಡು ಒಂದೇ ತಾಟಿನಲ್ಲಿ ಕೂಡುವುದು ಲೇಸು. ಆದರೆ ಒಂದು ಎಚ್ಚರಿಕೆ: ಈ ಲೆಕ್ಕ ಒಣವಡಿಯದು. ನೆನೆದ ವಡಿ ನೀರು ಕುಡಿದು ತೂಕ ಹೆಚ್ಚಿಸಿಕೊಳ್ಳುತ್ತದೆಯೇ ಹೊರತು ಸತ್ತ್ವವನ್ನಲ್ಲ.

ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿಗಳ ಒಂದು ಪಂಕ್ತಿಗೆ ನಾನೇ ಮುಂದೆ ನಿಂತು ಈ ಪಲ್ಯ ಮಾಡಿಸಿದ್ದೆ. ಊಟ ಮುಗಿದಾಗ ವಡಿಗಳೆಲ್ಲ ತಾಟುಗಳ ಅಂಚಿನಲ್ಲಿಯೇ ಉಳಿದಿದ್ದವು. ಮಕ್ಕಳ ನಾಲಗೆಯನ್ನು ದೂರಿದೆ. ತಪ್ಪು ನನ್ನದೆಂದು ಮನೆಯಲ್ಲಿ ಮತ್ತೊಮ್ಮೆ ಮಾಡಿ ನೋಡಿದಾಗಲೇ ತಿಳಿಯಿತು. ತೂತುಗಳ ತುಂಬ ನೀರು ನಿಂತಿದ್ದರೆ ಉಪ್ಪು ಖಾರಗಳು ಒಳಹೋಗುವುದಾದರೂ ಎಲ್ಲಿ?

ನಾಲ್ವರಿಗೆ 100 ಗ್ರಾಂ ವಡಿ ಸಾಕು. ಉಪ್ಪು ಹಾಕಿದ ಕುದಿಯುವ ನೀರಿನಲ್ಲಿ ಐದಾರು ನಿಮಿಷ ಬೇಯಿಸಿ, ಬಸಿದು, ತಣ್ಣೀರಿಗೆ ಹಾಕಬೇಕು. ಅನಂತರ ಹಿಡಿಹಿಡಿಯಾಗಿ ತೆಗೆದು ಎರಡು ಅಂಗೈಗಳ ನಡುವೆ ಹಿಂಡಬೇಕು. ಮತ್ತೊಮ್ಮೆ ತಣ್ಣೀರಿನಲ್ಲಿ ಅದ್ದಿ ಮತ್ತೆ ಹಿಂಡಬೇಕು. ಎರಡನೆಯ ಸಲ ಹಿಂಡಿದಾಗಲೇ ಹಸಿವಾಸನೆ ಬಹುಮಟ್ಟಿಗೆ ಹೋಗುವುದು. ಮುಷ್ಟಿ ಬಿಗಿದರೂ ಹನಿ ಬೀಳದಿದ್ದರೆ ಹದ ಬಂದಿತೆಂದು ತಿಳಿಯಬೇಕು. ಅವಸರದವರು ಇಲ್ಲಿಯೇ ಸೋಲುತ್ತಾರೆ.

ಹಿಂಡಿದ ವಡಿ ಬಾಯಾರಿದಂತಿರುತ್ತದೆ. ಹಾಗೆಯೇ ಬಾಣಲೆಗೆ ಹಾಕಿದರೆ ಎಣ್ಣೆಯನ್ನೆಲ್ಲ ಹೀರೀತು. ಆದ್ದರಿಂದ ಮೊದಲು ಎರಡು ಚಮಚೆ ಗಟ್ಟಿ ಮೊಸರು, ಒಂದೂವರೆ ಚಮಚೆ ಮಸಾಲೆ ಖಾರ, ಚಿಟಿಕೆ ಅರಿಸಿನ, ಉಪ್ಪು, ಒಂದು ಚಮಚೆ ಕಡಲೆಹಿಟ್ಟು ಸೇರಿಸಿ ಕಲಸಿ ಕಾಲುಗಂಟೆ ಬಿಡಬೇಕು. ಮಸಾಲೆ ಖಾರ ನಮ್ಮ ಕಡೆಯ ಮನೆಗಳಲ್ಲಿ ಬೇಸಿಗೆಯಲ್ಲಿಯೇ ಕುಟ್ಟಿ ಇಟ್ಟದ್ದಿರುತ್ತದೆ; ಇಲ್ಲದವರು ಕೆಂಪುಖಾರ, ಧನಿಯಾ, ಗರಂ ಮಸಾಲೆ ಬೆರೆಸಿಕೊಳ್ಳಬಹುದು.

ಅಗಲವಾದ ಕಬ್ಬಿಣದ ಬಾಣಲೆಯಲ್ಲಿ ಮೂರು ಚಮಚೆ ಶೇಂಗಾ ಎಣ್ಣೆ ಕಾಯಿಸಿ, ಸಾಸಿವೆ, ಜೀರಿಗೆ, ಕರಿಬೇವು, ಜಜ್ಜಿದ ಬೆಳ್ಳುಳ್ಳಿ, ಉದ್ದುದ್ದ ಹೆಚ್ಚಿದ ಒಂದು ಉಳ್ಳಾಗಡ್ಡಿ ಹಾಕಿ ಬಾಡಿಸಬೇಕು. ಬಳಿಕ ವಡಿ ಹರವಿ, ಮಧ್ಯಮ ಉರಿಯಲ್ಲಿ, ಆಗಾಗ ಮಾತ್ರ ತಿರುವುತ್ತ ಹತ್ತು ಹನ್ನೆರಡು ನಿಮಿಷ ಹುರಿಯಬೇಕು. ಮುಚ್ಚಳ ಮುಚ್ಚಲಾಗದು; ಮುಚ್ಚಿದರೆ ಆವಿ ಮರಳಿ ವಡಿಯನ್ನೇ ಸೇರುತ್ತದೆ. ಅಂಚು ಕೆಂಪಾಗಿ ಗರಿಯೆದ್ದ ಮೇಲೆ ಒಂದು ಹಿಡಿ ಶೇಂಗಾ ಹಿಂಡಿ ಉದುರಿಸಿ ಇಳಿಸಿ, ನಿಂಬೆರಸ ಹಿಂಡಬೇಕು.

ನೂರು ಮಕ್ಕಳ ಪಂಕ್ತಿಗೆ ಎರಡೂವರೆ ಕಿಲೋ ಒಣವಡಿ ಬೇಕಾಗುವುದು. ಅದನ್ನೆಲ್ಲ ಒಂದೇ ದೊಡ್ಡ ಕಡಾಯಿಗೆ ಸುರಿಯುವ ಮೋಹಕ್ಕೆ ನಾನು ಆ ದಿನ ಬಿದ್ದಿದ್ದೆ. ರಾಶಿಯ ಅಡಿಯ ವಡಿ ಆವಿಯಲ್ಲಿ ಬೆಂದಿತೇ ವಿನಾ ಹುರಿಯಲಿಲ್ಲ. ನಾಲ್ಕೈದು ಸಲ ಪಾಲು ಮಾಡಿ ಹುರಿದರೆ ಅರ್ಧ ಗಂಟೆ ಹೆಚ್ಚು ಹಿಡಿದೀತು. ಮುಂದಿನ ಪಂಕ್ತಿಯಲ್ಲಿ ಹಾಗೆಯೇ ಮಾಡಿಸಿದೆವು; ತಾಟಿನ ಅಂಚಿನಲ್ಲಿ ಕರಿಬೇವಿನ ಎಲೆಗಳು ಮಾತ್ರ ಉಳಿದಿದ್ದವು.